ಭೋಂಗಾ ಊದದ ಗುರುವಾರ

11 ಫೆಬ್ರುವರಿ 2025, ಮಂಗಳವಾರ

ಖಣಿ ಕಂಪನಿ ಕೊಟ್ಟ ಮಾತು: ಬಾರು ಹಾರಿಸಿ ಕಲ್ಲು ಸಿಡಿಸುವ ಮೊದಲು ಮೂರು ಸಲ ಭೋಂಗಾ, ಅಂದರೆ ಮೋಟಾರಿನ ಸೈರನ್, ಊದುತ್ತೇವೆ. ಹಾದಿಯ ಎರಡೂ ತುದಿಗೆ ಕೆಂಪು ನಿಶಾನೆ ಹಿಡಿದ ಮನುಷ್ಯ ನಿಲ್ಲುತ್ತಾನೆ. ಯಾರಿಗಾದರೂ ಪೆಟ್ಟಾದರೆ ನೆಟ್ಟಗಾಗುವ ತನಕ ಔಷಧ ನಮ್ಮದು, ಗಾಡಿ ನಮ್ಮದು. ನಾಲ್ಕು ವರ್ಷದ ಹಿಂದೆ ನಮ್ಮ ಹಳೇಕಟ್ಟಿಯ ಸಮುದಾಯ ಭವನದಲ್ಲಿ ಮೈಕು ಹಿಡಿದು ಹೇಳಿದ್ದು.

ಈಗ ಇಲ್ಲ ಅಂದದ್ದು: ಮೊನ್ನೆ ಗುರುವಾರ, ಆರನೇ ತಾರೀಖು, ಭೋಂಗಾ ಊದಲಿಲ್ಲ ಅನ್ನುವುದು ಸುಳ್ಳು. ನಿಶಾನೆ ಇರಲಿಲ್ಲ ಅನ್ನುವುದು ಸುಳ್ಳು. ಚಂದಮ್ಮನ ಕಾಲ ಮೇಲೆ ಕಲ್ಲು ಬಿದ್ದದ್ದು ಆಕೆಯದೇ ತಪ್ಪು, ಯಾಕಂದರೆ ಆಕೆ ಕಿವುಡಿ. ಊದಿದ್ದು ಕೇಳಿಸದೆ ಹಾದಿ ದಾಟಿದಳು. ಆದ್ದರಿಂದ ಔಷಧ ಇಲ್ಲ, ಗಾಡಿ ಇಲ್ಲ. ಖಣಿಯ ಹದ್ದಿನೊಳಗೆ ಕಾಲಿಟ್ಟಳೆಂದು ಆಕೆಯ ಮೇಲೆಯೇ ಅರ್ಜಿ.

ಶಹಾಬಾದದಿಂದ ಬಂದ ಕೂಲಿಕಾರರ ಸಂಘದ ಸರಿತಾ ಇದನ್ನು ಬರೆದು ಬಸ್ ಸ್ಟಾಪಿನ ಕಂಬಕ್ಕೆ ಅಂಟಿಸಿದ್ದಾಳೆ. ನಿಂತು ಓದಲು ಧೈರ್ಯ ಆಗಲಿಲ್ಲ. ಹಾಲು ತರುವಾಗ ಅರ್ಧ, ಕೊತ್ತಂಬರಿ ತರುವಾಗ ಅರ್ಧ ಓದಿ ಮನೆಗೆ ಬಂದು ಬರೆದುಕೊಂಡೆ.

ಅದರ ಕೆಳಗೆ ನಾನೊಂದು ಸಾಲು ಬರೆಯುತ್ತೇನೆ. ಈ ಪುಸ್ತಕ ಯಾರೂ ಓದುವುದಿಲ್ಲ.

ಆ ದಿನ ಭೋಂಗಾ ಊದಲಿಲ್ಲ. ನನಗೆ ಗೊತ್ತು. ನನ್ನ ಹತ್ತಿರ ಗುರುತು ಇದೆ.

12 ಫೆಬ್ರುವರಿ, ಬುಧವಾರ

ನಿನ್ನೆ ಬರೆದ ಹಾಳೆ ಹರಿದು ಒಲೆಗೆ ಹಾಕಬೇಕು ಅಂತ ಎದ್ದೆ, ಹಾಕಲಿಲ್ಲ. ಹೆದರಿಕೆ ಅರ್ಧ ಬರೆದರೆ ಹೆಚ್ಚಾಗುತ್ತದೆ. ಪೂರ್ತಿ ಬರೆದುಬಿಡುತ್ತೇನೆ.

ಮೂವತ್ತೆರಡು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ ನನ್ನದು. ಚಿತ್ತಾಪುರದ ನಿವೃತ್ತ ಶಿಕ್ಷಕಿ ಜಾನಕೀಬಾಯಿ ಅಕ್ಕೋರು ಆ ಗುರುವಾರದ ಹಿಂದಿನ ದಿನ, ಬುಧವಾರ, ತಮ್ಮ ತಂದೆಯ ಕಾಲದ ಕಟ್ಟಿಗೆ ಪೆಟ್ಟಿಗೆಯ ವಾಲ್ವ್ ರೇಡಿಯೋ ತಂದಿದ್ದರು. ಹಾಡುತ್ತಿತ್ತು, ಆದರೆ ಮುಳ್ಳು ಒಂದು ಕಡೆ, ಸ್ಟೇಷನ್ ಒಂದು ಕಡೆ. ಅದಕ್ಕೆ ಕಾಯಿಲ್ ಸರಿಪಡಿಸಬೇಕು. ಕಾಯಿಲಿನ ತಂತಿ ಸುತ್ತಿದ ನಳಿಗೆಯೊಳಗೆ ಪೆನ್ಸಿಲ್ ತುಂಡಿನಂಥ ಕರಿ ಕೋರು ಇರುತ್ತದೆ. ಮೈಗೆಲ್ಲ ಸ್ಕ್ರೂ ಹಾಗೆ ಗೆರೆ, ತಲೆಯಲ್ಲೊಂದು ಸೀಳು. ಸೀಳಿಗೆ ಕಡ್ಡಿ ಇಟ್ಟು ತಿರುಗಿಸಿದರೆ ಒಳಗೆ ಹೊರಗೆ ಸರಿಯುತ್ತದೆ, ಸ್ಟೇಷನ್ನೂ ಸರಿಯುತ್ತದೆ. ಕೂದಲೆಳೆಯ ಲೆಕ್ಕ. ಕೋರು ನೋಡಲು ಕಬ್ಬಿಣ, ಒಡೆಯುವುದು ಸೀಮೆಸುಣ್ಣದ ಹಾಗೆ. ಅದಕ್ಕೇ ಕಬ್ಬಿಣದ ಸ್ಕ್ರೂಡ್ರೈವರ್ ಮುಟ್ಟಿಸುವುದಿಲ್ಲ. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆ ಪರಸಿಕಲ್ಲಿನ ಮೇಲೆ ತೇಯ್ದು ನಾನೇ ಮಾಡಿಕೊಂಡ ಕಡ್ಡಿ.

ಖಣಿ ನನ್ನ ಅಂಗಡಿಗೆ ಒಂದೇ ಹೊಲದ ದೂರ. ಬಾರು ಹಾರಿದರೆ ಬೆಂಚು ಜಿಗಿಯುತ್ತದೆ. ಅದಕ್ಕೆ ನನ್ನದೊಂದು ಪದ್ಧತಿ. ಮೊದಲನೇ ಭೋಂಗಾಕ್ಕೆ ಕಡ್ಡಿ ಹೊರಗೆ. ಎರಡನೆಯದಕ್ಕೆ ರೇಡಿಯೋ ಇಳಿಸಿ ಗೋಣಿಚೀಲದ ಮೇಲೆ. ಮೂರನೆಯದಕ್ಕೆ ಚಾ. ನಾಲ್ಕು ವರ್ಷ ಒಂದು ದಿನವೂ ತಪ್ಪಿಲ್ಲ. ಒಂದು ಕೋರೂ ಒಡೆದಿಲ್ಲ.

ಆ ಗುರುವಾರ ಮಧ್ಯಾಹ್ನ ಒಂದೂವರೆಗೆ ಹತ್ತು ಮಿನಿಟು ಕಡಿಮೆ. ಕಡ್ಡಿ ಕೋರಿನ ಸೀಳಿನೊಳಗಿತ್ತು. ಸ್ಟೇಷನ್ ಮುಳ್ಳಿನ ಕೆಳಗೆ ಬರುತ್ತಿತ್ತು. ಭೋಂಗಾ ಇಲ್ಲ, ಏನಿಲ್ಲ. ಧಡ್ ಅಂತ ನೆಲವೇ ಎದ್ದಿತು. ಕೈ ತಿರುಚಿತು. ಕೋರು ಟಕ್ ಅಂದು ಒಡೆದು ಅರ್ಧ ಹೊರಗೆ ಬಂತು, ಅರ್ಧ ನಳಿಗೆಯಲ್ಲಿ ಸಿಕ್ಕಿತು.

ಆಮೇಲೆ ಹೊರಗೆ ಹೆಂಗಸರು ಕೂಗಿದ್ದು ಕೇಳಿಸಿತು. ಚಂದಮ್ಮ ಹೊಲದಲ್ಲಿದ್ದ ಗಂಡನಿಗೆ ಬುತ್ತಿ ಒಯ್ಯುತ್ತಿದ್ದಳು.

ಇದಿಷ್ಟೇ ಆಗಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಮರುದಿನ ಅಕ್ಕೋರು ಬಂದರು. ನನ್ನ ಕೈಯಿಂದ ಕೋರು ಒಡೆಯಿತು ಅಂತ ಹೇಳಲು ಮಾನ ಬಿಡಲಿಲ್ಲ. ರೇಡಿಯೋ ರಿಪೇರಿಗೆ ಇಟ್ಟುಕೊಂಡು ರಸೀತಿಯಲ್ಲಿ ಬರೆದುಕೊಟ್ಟೆ: ಕೋರು ತರುವಾಗಲೇ ಸೀಳಿತ್ತು. ಕೆಳಗೆ ನನ್ನ ದಸ್ಕತ್ತು, ಭಾಗಣ್ಣ, ತಾರೀಖು. ಕಂಪನಿಯವರ ಸುಳ್ಳಿಗೆ ದಿನವೂ ಬೈಯುವವನು ನಾನು. ಅವರದು ದೊಡ್ಡ ಹಾಳೆ, ನನ್ನದು ರಸೀತಿಪುಸ್ತಕ. ಅಷ್ಟೇ ಫರಕು.

ಒಡೆದ ಅರ್ಧ ಕೋರು ಸುಣ್ಣದ ಡಬ್ಬಿಯಲ್ಲಿದೆ. ಡಬ್ಬಿ ಅಟ್ಟದ ಮೇಲೆ.

14 ಫೆಬ್ರುವರಿ, ಶುಕ್ರವಾರ

ಭವನದಲ್ಲಿ ಮೊದಲ ವಿಚಾರಣೆ. ಚಂದಮ್ಮನ ವಿಷಯ ಕೇಳಲು ಸರಕಾರದ ಅಧಿಕಾರಿ ಬಂದಿದ್ದರು. ಕಂಪನಿಯ ವಕೀಲ, ಮುಂದಿನ ಸಾಲಿನಲ್ಲಿ ನನ್ನ ಅಕ್ಕನ ಮಗ ದಿಲೀಪ. ಅವನೀಗ ಕಂಪನಿಯ ಪರವಾಗಿ ಊರವರೊಡನೆ ಮಾತಾಡುವ ನೌಕರಿಯಲ್ಲಿದ್ದಾನೆ.

ಭೋಂಗಾ ಊದುವ ಕಲೀಮನನ್ನು ನಿಲ್ಲಿಸಿ ಕೇಳಿದರು. ಕಲೀಮ್ ನನ್ನ ಜತೆ ಗೋಲಿ ಆಡಿದವನು. ನೆಲ ನೋಡಿ ಹೇಳಿದ: “ಊದೀನ್ರಿ. ಮೂರು ಸಲ ಊದೀನಿ.”

“ಊರವರು ಯಾರಾದರೂ ಹೇಳುವುದಿದೆಯೇ?” ಅಂದರು ಅಧಿಕಾರಿ.

ನನ್ನ ಚಪ್ಪಲಿಯ ಉಂಗುಟ ಹರಿದಿದೆ. ಹೊಲಿಸಬೇಕು.

15 ಫೆಬ್ರುವರಿ, ಶನಿವಾರ

ಶಟರ್ ಅರ್ಧ ಇಳಿಸಿ ಕೆಲಸ ಮಾಡುತ್ತಿದ್ದೆ. ಮೋಟಾರ್ ಸೈಕಲ್ ಬಂದು ನಿಂತಿತು. ಕೆಳಗಿನ ಸಂದಿಯಲ್ಲಿ ಬೂಟು ಕಂಡವು. ಕಡ್ಡಿ ಕೆಳಗಿಟ್ಟೆ.

“ಮಾಮಾ, ಒಳಗ ಬರ್ಲೇನು? ಇಲ್ಲಾ ನಿನ್ನ ಅಂಗಡ್ಯಾಗ ತೆವಳಕೋಂತ ಬರೋ ರಿವಾಜು ಅದನೋ?”

ದಿಲೀಪ. ಸ್ಟೂಲ್ ಎಳೆದು ಕುಂತ. ಚಾ ತರಿಸಿದ. ಅವನೇ ತರಿಸಿದ.

“ನಿನ್ನೆ ಸುಮ್ನ ಕುಂತಿದ್ದಿ. ಛಲೋ ಮಾಡಿದಿ,” ಅಂದ. “ನಮ್ಮ ಮಂದೀಗಿ ಬುದ್ಧಿ ಇಲ್ಲ ಮಾಮಾ. ಕಂಪನಿ ಇರೋದಕ್ಕ ನಾಕು ಮನಿ ಒಲಿ ಉರೀಲಿಕತ್ತಾವ.”

“ಚಂದಮ್ಮನ ಮನಿ ಒಲಿ?” ಅಂದೆ. ಅಂದೆನೋ ಇಲ್ಲವೋ, ಈಗ ನೆನಪಾಗವಲ್ಲದು. ಮನಸಿನಾಗ ಅಂದಿರಬೇಕು.

“ಪ್ರೀತಿ ಹ್ಯಾಂಗಿದ್ದಾಳ?” ನನ್ನ ಮಗಳ ಮಾತು ತೆಗೆದ. “ಲಾರಿ ತೂಗೋ ಕಾಂಟಾದ ಆಫೀಸಿನಾಗ ಆಕೀದು ಭಾಳ ನೇಮಸ್ತ ಕೆಲಸ ಅಂತ. ನಾನೇ ಹೇಳಿ ಹಾಕ್ಸೀನಲ್ಲ. ಗುತ್ತೇದಾರಗ ಬ್ಯಾರೆ ಹುಡುಗ್ಯಾರು ಸಿಗಂಗಿಲ್ಲಂತಲ್ಲ.” ಆಮೇಲೆ ಗೋಡೆ ತಟ್ಟಿ ನೋಡಿದ, ಕುಂಬಾರ ಗಡಿಗೆ ತಟ್ಟಿ ನೋಡುವ ಹಾಗೆ. “ಈ ಜಾಗಾ ಇನ್ನಾ ಕಂಪನಿ ಹೆಸರ್ಲೇ ಅದನ ಮಾಮಾ? ನಾ ಮರ್ತಿದ್ದೆ.”

ಅವನು ಮರೆಯುವವನಲ್ಲ. ಮಾತಾಡುತ್ತ ಬೆಂಚಿನ ಮೇಲಿದ್ದ ರಸೀತಿಪುಸ್ತಕದಲ್ಲಿ ಉಳಿದ ಕಾರ್ಬನ್ ಪ್ರತಿಗಳ ಹಾಳೆ ತಿರುವಿದ. ಏಳನೇ ತಾರೀಖಿನ ಹಾಳೆಗೆ ನಿಂತ. ಫೋನ್ ತೆಗೆದು ಫೋಟೋ ಹೊಡೆದ.

“ನಿನ್ನ ಅಕ್ಷರ ಭಾಳ ಚಂದ,” ಅಂದು ಹೋದ.

ಚಾ ಹಾಗೇ ಉಳಿಯಿತು. ಇವನಿಗೆ ಹೇಗೆ ಗೊತ್ತಾಯಿತು? ಅಕ್ಕೋರು ಯಾರಿಗಾದರೂ ಹೇಳಿದರೇ? ನನ್ನ ಮುಖವೇ ಹೇಳಿತೇ? ಬಾರು ಹಾರಿದಾಗ ಯಾವ ಯಾವ ಅಂಗಡಿ ತೆರೆದಿದ್ದವು ಅಂತ ಲೆಕ್ಕ ಹಾಕುತ್ತಿದ್ದಾರೆ, ಅಷ್ಟೇ ಇರಬೇಕು.

16 ಫೆಬ್ರುವರಿ, ಭಾನುವಾರ

ಡಬ್ಬಿ ಅಟ್ಟದಿಂದ ಜೋಳದ ಗುಮ್ಮಿಗೆ. ಗುಮ್ಮಿಯಿಂದ ತುಳಸಿಕಟ್ಟೆಯ ಹಿಂದೆ. ಮಣ್ಣು ಹೊಸದಾಗಿ ಕಾಣುತ್ತದೆ ಅನಿಸಿ ಮತ್ತೆ ಅಟ್ಟಕ್ಕೆ. ಹೆಬ್ಬೆರಳ ಉಗುರಿನಷ್ಟು ಕರಿ ಚೂರು. ಸ್ಟೆನ್‌ಗನ್ ಇಟ್ಟವನ ಹಾಗೆ ಓಡಾಡುತ್ತಿದ್ದೇನೆ.

ಪ್ರೀತಿ ಕೇಳಿದಳು: “ಅಪ್ಪಾ, ಇಲಿ ಬಂದಾವೇನು?”

ಹೌದು ಅಂದೆ.

19 ಫೆಬ್ರುವರಿ, ಬುಧವಾರ

ಕಲಬುರಗಿ ದವಾಖಾನೆಗೆ ಹೋಗಿದ್ದೆ. ಕಾಯಿಲ್ ತಂತಿ ತರಲು ಹೋದವನು ದಾರಿಯಲ್ಲಿ ಸಿಕ್ಕಿತೆಂದು ಒಳಗೆ ಹೋದೆ. ದವಾಖಾನೆ ದಾರಿಯಲ್ಲಿ ಸಿಗುವುದಿಲ್ಲ.

ಚಂದಮ್ಮನ ಬಲಗಾಲಿಗೆ ಹೊರಗಿನಿಂದ ಸರಳು ಹಾಕಿದ್ದಾರೆ. ಗಂಡ ಜಟ್ಟೆಪ್ಪ ಬಾಗಿಲ ಹತ್ತಿರ ಕುಂತಲ್ಲೇ ನಿದ್ದೆ ಹೋಗಿದ್ದ. ಆಕೆಯೇ ನನ್ನನ್ನು ನೋಡಿ ನಕ್ಕಳು.

“ಬಾ ಭಾಗಣ್ಣ. ಜೋರ್ಲೆ ಮಾತಾಡಪಾ, ನಾ ಕಿವುಡಿ.”

ಹಾಸಿಗೆಯ ಪಕ್ಕದ ಸ್ಟೂಲಿಗೆ ಕುಂತೆ.

“ಕಾಗದದಾಗ ಬರದಾರಂತಲ್ಲ. ಡಾಕ್ಟರ್ ಬಂದು ಕಿವ್ಯಾಗ ಬ್ಯಾಟ್ರಿ ಹಾಕಿ ನೋಡಿದ್ರು. ನಾ ಅಂದೆ, ಸಾಹೇಬ್ರ, ಮುರಿದದ್ದು ಕೆಳಗದ, ನೀವು ಮ್ಯಾಲ ಹುಡುಕಲಿಕತ್ತೀರಿ.” ಪಕ್ಕದ ಹಾಸಿಗೆಯವರೂ ನಕ್ಕರು. ಆಮೇಲೆ ಸರಳು ಹಾಕಿದ ಕಾಲು ತೋರಿಸಿದಳು. “ಕಾಲು ಹೋದ್ರ ಹೋಗ್ಲಿ. ಕಿವಿ ಯಾಕ ಕೊಡ್ಲಿ? ಕಿವಿ ನಂದು.”

ಈ ಚಂದಮ್ಮ ತಲೆ ಮೇಲೆ ಬುತ್ತಿ ಇಟ್ಟುಕೊಂಡು ಅಂಗಡಿ ಮುಂದೆ ಹಾದು ಹೋಗುವಾಗ, ನಿಲ್ಲದೆ, ತಿರುಗದೆ ಹೇಳುವಾಕೆ: “ಭಾಗಣ್ಣ, ಸ್ಟೇಷನ್ನು ಸ್ವಲ್ಪ ಸರಿದದ ನೋಡು.” ನೋಡಿದರೆ ಸರಿದಿರುತ್ತಿತ್ತು. ನನ್ನ ಮೀಟರು ಆಕೆಗಿಂತ ತಡ.

ಏಳುವಾಗ ಕೈ ಹಿಡಿದಳು.

“ಭೋಂಗಾ ಊದಿಲ್ಲ ಅಂತ ನಂಗ ಗೊತ್ತದ. ನನ್ನ ಮಾತು ಯಾರೂ ನಂಬವಲ್ರು. ಆ ಹೊತ್ತಿನಾಗ ನೀ ಅಂಗಡ್ಯಾಗ ಇದ್ದಿಲ್ಲೇನು?”

“ಊಟಕ್ಕ ಹೋಗಿದ್ದೆ,” ಅಂದೆ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಶಹಾಬಾದ ತನಕ ಹೊರಗೆ ಏನೂ ನೋಡಲಿಲ್ಲ.

22 ಫೆಬ್ರುವರಿ, ಶನಿವಾರ

ಅಕ್ಕೋರ ರೇಡಿಯೋ ಎತ್ತಿಕೊಂಡೆ. ನಳಿಗೆಯೊಳಗೆ ಸಿಕ್ಕ ಅರ್ಧ ಕೋರು ತೆಗೆಯಬೇಕು. ಇದು ನಾಜೂಕಿನ ಕೆಲಸ. ಕೊರೆದರೆ ನಳಿಗೆ ಸೀಳುತ್ತದೆ, ಬಡಿದರೆ ಕೂದಲಿನಂಥ ತಂತಿ ಹರಿಯುತ್ತದೆ. ಮೊದಲು ಹಳೇ ಮೇಣ ಕರಗಿಸಬೇಕು. ಸೋಲ್ಡರ್ ಕಬ್ಬಿಣ ಹತ್ತಿರ ಹಿಡಿದೆ, ಮುಟ್ಟಿಸದೆ, ಮಗುವಿನ ಎದೆಗೆ ಬಿಸಿಬಟ್ಟೆ ಹಿಡಿದ ಹಾಗೆ. ಮೇಣ ಬೆವೆತಿತು. ಬಿದಿರು ಕಡ್ಡಿಯ ತುದಿಗೆ ಗಟ್ಟಿ ಅಂಟು ಒಂದೇ ಹನಿ ಹಚ್ಚಿ ಒಡೆದ ಮುಖಕ್ಕೆ ಕೂಡಿಸಿ ಹಿಡಿದೆ. ನೂರು ಎಣಿಸಿದೆ. ಅಂಟು ನಳಿಗೆಗೆ ತಾಕಿದರೆ ಎಲ್ಲ ಮುಗಿಯಿತು. ಆಮೇಲೆ ಎಡಕ್ಕೆ, ಕಾಲು ಸುತ್ತು, ನಿಲ್ಲು, ಕಾಲು ಸುತ್ತು.

ಮೂರನೇ ಸುತ್ತಿಗೆ ಹೊರಗೆ ಮೋಟಾರ್ ಸೈಕಲ್ ಸದ್ದು. ಕೈ ಅಲ್ಲೇ ನಿಂತಿತು. ಗಾಡಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ಗುರ್ ಅಂದು ಹೋಯಿತು.

ಆದರೆ ಕಡ್ಡಿ ಬಿಡಲಿಲ್ಲ. ಬಿಟ್ಟಿದ್ದರೆ ಅಂಟು ಮುರಿಯುತ್ತಿತ್ತು.

ಹನ್ನೊಂದು ಸುತ್ತಿಗೆ ಚೂರು ಹೊರಗೆ ಬಂತು. ಡಬ್ಬಿ ಇಳಿಸಿ ಎರಡೂ ಚೂರು ಜೋಡಿಸಿ ನೋಡಿದೆ. ಕೂಡಿತು. ಒಡೆದ ಮುಖ ಹೊಳೆಯುತ್ತಿದೆ. ಹಳೇ ಸೀಳಾದರೆ ಮೇಣ, ಧೂಳು ಕುಂತು ಮಬ್ಬಾಗಿರುತ್ತದೆ. ಇದು ಹೊಸ ಗಾಯ. ಈ ಕಸುಬು ಬಲ್ಲ ಯಾರಾದರೂ ನೋಡಿದರೆ ಹೇಳುತ್ತಾರೆ.

ಅಂದರೆ ನನ್ನ ರಸೀತಿ ಸುಳ್ಳು ಅಂತಲೂ ಹೇಳುತ್ತಾರೆ.

25 ಫೆಬ್ರುವರಿ, ಮಂಗಳವಾರ

ಕಲೀಮ್ ಬಂದ. ಹಿತ್ತಿಲ ಕಡೆಯಿಂದ ಬಂದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಿತ್ತಿಲಿಂದ ಬಂದವನಲ್ಲ.

“ಭಾಗಣ್ಣ, ನೀ ಏನಾರ ಮಾತಾಡಾಂವ ಇದ್ದೀಯೇನು?”

“ಯಾರ ಹೇಳಿದ್ರು?”

“ಯಾರೂ ಹೇಳಿಲ್ಲ. ನೀ ದವಾಖಾನಿಗಿ ಹೋಗಿದ್ದಿಯಂತ. ಕಂಪನಿಯವರು ಹೆಸರು ಬರಕೊಂಡಾರ, ಯಾರ್ ಯಾರು ಹೋಗ್ಯಾರಂತ.” ಹಿತ್ತಿಲ ಕಲ್ಲಿನ ಮೇಲೆ ಕುಂತ, ತಲೆ ಕೈಯಲ್ಲಿ ಹಿಡಿದ. “ನಾಕನೇ ತಾರೀಖಿಗಿ ಭೋಂಗಾದ ಮೋಟಾರ ಸುಟ್ಟದ. ರಿವೈಂಡಿಂಗ್‌ಗೆ ಹೋಗ್ಯದ. ಸೀಟಿ ಕೊಟ್ಟು ನಿಂದ್ರು ಅಂದ್ರು. ಒಂದು ಸೀಟಿ ಭಾಗಣ್ಣ, ಹುಡುಗರು ಆಡ್ತಾವಲ್ಲ ಅಂಥಾದ್ದು. ನಾ ಆ ತುದಿಗಿ ಇದ್ದೆ. ಆಕಿ ಈ ತುದೀಲಿಂದ ಬಂದ್ಲು. ಸಂಜೀಕ ಮೂರು ಸಲ ಭೋಂಗಾ ಊದ್ಯದ ಅಂತ ಬರದ ರಜಿಸ್ಟರ್ ತಂದು ಮುಂದಿಟ್ರು. ದಸ್ಕತ್ ಹಾಕ್ದೆ.”

“ಯಾಕ ಹಾಕ್ದಿ?”

“ನೀ ಯಾಕ ಚಪ್ಪಲಿ ನೋಡ್ಕೋತ ಕುಂತಿದ್ದಿ?”

ಅವನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಂತೆ.

“ನೀ ಖರೇ ಹೇಳಿದ್ರ ಕಂಪನಿ ಬೀಳಂಗಿಲ್ಲ,” ಅಂದ. “ಮೊದಲ ನಾ ಬೀಳ್ತೀನಿ. ದಸ್ಕತ್ ನಂದು. ನಾಜಿಯಾನ ಲಗ್ನ ಈದ್ ಆದ ಮ್ಯಾಲ ಅದ. ನನ್ನ ಮಗಳ ಮುಖಾ ನೋಡಿ ಬಾಯಿ ಮುಚ್ಚು.”

ಇದೇ ಇವರ ಕಸುಬು. ಮೇಲೆ ಕುಂತವನು ದಸ್ಕತ್ತು ಹಾಕುವುದಿಲ್ಲ. ಕಲೀಮನ ಕೈಯಿಂದ ಹಾಕಿಸುತ್ತಾನೆ. ಆಮೇಲೆ ನಾನು ಬಾಯಿ ತೆರೆದರೆ ಕಲ್ಲು ಕಲೀಮನ ಮೇಲೆ ಬೀಳುತ್ತದೆ, ನೆರಳು ಕೂಡ ಮೇಲಿನವನ ಮೇಲೆ ಬೀಳುವುದಿಲ್ಲ. ಬಡವನ ಹೆಗಲ ಮೇಲೆ ಕಂಪನಿಯ ಬಂದೂಕು.

ಬರೆಯುವಾಗ ಸಿಟ್ಟು ಬರುತ್ತದೆ. ಪುಸ್ತಕ ಮುಚ್ಚಿದರೆ ಮತ್ತೆ ಬರೀ ಹೆದರಿಕೆ.

27 ಫೆಬ್ರುವರಿ, ಗುರುವಾರ

ಪ್ರೀತಿಯನ್ನು ಕಾಂಟಾದ ಆಫೀಸಿನಿಂದ ಮಧ್ಯಾಹ್ನಕ್ಕೇ ಕಳಿಸಿದರು. ‘ಎರಡು ದಿನ ಬರಬ್ಯಾಡ. ಮನ್ಯಾಗ ನಿಮ್ಮಪ್ಪನ ತಬ್ಯೇತ್ ಸರಿ ಇಲ್ಲಂತಲ್ಲ, ನೋಡ್ಕೋ’ ಅಂದನಂತೆ ಗುತ್ತೇದಾರ.

ನನ್ನ ತಬ್ಯೇತಿಗೆ ಏನೂ ಆಗಿಲ್ಲ. ಇನ್ನೂ ಆಗಿಲ್ಲ.

ಇವಳ ಅವ್ವ ಹೋಗಿ ಆರು ವರ್ಷ. ಇಂಥ ಹೊತ್ತಿಗೆ ಆಕೆ ಇದ್ದಿದ್ದರೆ ಬೈದು ಹಾದಿ ತೋರಿಸುತ್ತಿದ್ದಳು. ಪ್ರೀತಿಗೆ ಎಲ್ಲ ಹೇಳಿದೆ. ಕೋರು, ರಸೀತಿ, ದಿಲೀಪ, ಊಟಕ್ಕೆ ಹೋಗಿದ್ದೆ ಅಂದ ಸುಳ್ಳು. ರೊಟ್ಟಿ ಬಡಿಯುತ್ತಲೇ ಕೇಳಿದಳು. ನಿಲ್ಲಿಸಲಿಲ್ಲ.

“ನಿನ್ನ ಸಲುವಾಗಿ ಸುಮ್ನಿದ್ದೀನವ್ವ,” ಅಂದೆ.

ಆಗ ಕೈ ನಿಲ್ಲಿಸಿದಳು.

“ನನ್ನ ಹೆಸರ ಮ್ಯಾಲ ಹಾಕಬ್ಯಾಡಪ್ಪಾ. ಹೆದರಿಕಿ ನಿಂದು, ನೀ ಇಟ್ಕೋ. ಚಂದಕ್ಕ ನಂಗ ಎಣ್ಣಿ ಹಚ್ಚಿ ನೀರು ಹಾಕಿದಾಕಿ.”

ಮತ್ತೆ ರೊಟ್ಟಿ ಬಡಿದಳು. ಮೊದಲಿಗಿಂತ ಜೋರಾಗಿ.

1 ಮಾರ್ಚ್, ಶನಿವಾರ

ರೇಡಿಯೋ ಕಟ್ಟಿಕೊಂಡು ಚಿತ್ತಾಪುರಕ್ಕೆ ಹೋದೆ. ಎರಡು ದಿನ ಕುಂತು ಹೊಸ ಕೋರು ಕೂಡಿಸಿದ್ದೆ. ಹೊಸದೆಲ್ಲಿ, ಕೆಟ್ಟು ಬಿದ್ದ ಇನ್ನೊಂದು ಸೆಟ್ಟಿನದು. ದಪ್ಪ ಸ್ವಲ್ಪ ಕಡಿಮೆ, ನಳಿಗೆಯಲ್ಲಿ ಲೊಡಲೊಡ ಅನ್ನುತ್ತಿತ್ತು. ಹಾಲಿನ ಪಾಕೀಟು ಸೀಳಿ ದಾರದಂಥ ಎಳೆ ಮಾಡಿ ಕೋರಿನ ಜತೆ ಸೇರಿಸಿ ತಿರುಗಿಸಿದೆ, ಗಟ್ಟಿ ಕುಂತಿತು. ಮುಳ್ಳು ಕಲಬುರಗಿ ಮೇಲೆ ಇಟ್ಟರೆ ಕಲಬುರಗಿಯೇ ಹಾಡುತ್ತದೆ.

ಅಕ್ಕೋರು ಕನ್ನಡಕ ಏರಿಸಿ ಕೇಳಿದರು. ಬಹಳ ಹೊತ್ತು ಕೇಳಿದರು. ಅಪ್ಪನ ನೆನಪಾಗಿರಬೇಕು. ಆ ಹೊತ್ತಿನಲ್ಲೇ ಹೇಳಿಬಿಟ್ಟೆ, ಇಲ್ಲವಾದರೆ ಹೇಳುತ್ತಿರಲಿಲ್ಲ.

“ಅಕ್ಕೋರ, ಕೋರು ಮೊದಲ ಸೀಳಿದ್ದಿಲ್ರಿ. ನನ್ನ ಕೈಯಾಗ ಒಡೀತು.”

ಅವರು ರೇಡಿಯೋ ಬಂದ್ ಮಾಡಿದರು.

“ಗೊತ್ತಿತ್ತು,” ಅಂದರು. “ತಂದ ದಿನಾ ಮುಂಜಾನೆ ಸುದ್ದಿ ಕೇಳಿ ತಂದೀನಿ. ಮೂವತ್ತೇಳು ವರ್ಷ ಸಾಲ್ಯಾಗ ಸುಳ್ಳು ಕೇಳೇ ಪಗಾರ ತಗೊಂಡಾಕಿ ನಾನು. ನೀ ರಸೀತಿ ಬರಿಯುವಾಗ ನಿನ್ನ ಕಿವಿ ಕೆಂಪಾಗಿದ್ವು.”

“ಮತ್ತ ಯಾಕ ಸುಮ್ನಾದ್ರಿ?”

“ಒಂದು ಕೋರಿಗೆ ಯಾರು ಜಗಳಾಡಬೇಕು ಅಂತ.” ಆಮೇಲೆ ನನ್ನ ಮುಖ ನೋಡಿದರು. “ಬರೀ ಕೋರಿನ ಮಾತಿಗೆ ನೀ ಇಲ್ಲೀ ತನಕಾ ಬಂದಿಲ್ಲ. ಹೇಳು.”

ಹೇಳಿದೆ. ಹೇಳುವಾಗ ಬಾಗಿಲ ಕಡೆ ಎಷ್ಟು ಸಲ ನೋಡಿದೆನೋ, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

ಕೇಳಿ ಮುಗಿದ ಮೇಲೆ ಅವರಿಗೆ ಸಿಟ್ಟು ಬಂತು. ಕಂಪನಿಯ ಮೇಲಲ್ಲ, ನನ್ನ ಮೇಲೆ. “ಇಪ್ಪತ್ಮೂರು ದಿನ. ಆಕಿ ಕಾಲು ಮುರಕೊಂಡು ಬಿದ್ದಾಳ, ನೀ ಚೂರು ಡಬ್ಬ್ಯಾಗ ಹಾಕಿ ಬಚ್ಚಿಡ್ಲಿಕತ್ತಿ. ನಾಚಿಕಿ ಬರಂಗಿಲ್ಲೇನೋ?”

“ಬರ್ತದ್ರಿ. ಹೆದರಿಕಿ ಅದಕ್ಕಿಂತ ಮೊದಲ ಬರ್ತದ.”

ಪರ್ಸಿನಿಂದ ರಸೀತಿ ತೆಗೆದರು. ನಾಲ್ಕು ಮಡಿಕೆ. ಬೋರಲು ಮಾಡಿ ನನ್ನ ಮುಂದಿಟ್ಟು ಪೆನ್ನು ಕೊಟ್ಟರು. “ಹಿಂದ ಬರಿ. ಖರೇ ಏನದ ಅದು. ತಾರೀಖು ಇವತ್ತಿಂದು ಹಾಕು, ಹಳೇದು ಹಾಕಬ್ಯಾಡ. ಮತ್ತೊಂದು ಸುಳ್ಳಾಗ್ತದ.”

ಬರೆದೆ. ತಪ್ಪು ತಿದ್ದಿದರು. ದೀರ್ಘ ಒಂದು ಬಿಟ್ಟಿದ್ದೆ.

“ಸೋಮವಾರದ ವಿಚಾರಣಿಗಿ ನಾನೂ ಬರ್ತೀನಿ,” ಅಂದರು. “ನಿನ್ನ ಸಲುವಾಗಿ ಅಲ್ಲ ಮತ್ತ.”

3 ಮಾರ್ಚ್, ಸೋಮವಾರ

ಬರೆಯಲೇಬೇಕು.

ಭವನದಲ್ಲಿ ಎರಡನೇ ವಿಚಾರಣೆ. ಊರವರು ಯಾರಾದರೂ ಹೇಳುವುದಿದೆಯೇ ಅಂತ ಅಧಿಕಾರಿ ಮತ್ತೆ ಕೇಳಿದರು. ಸರಿತಾ ನನ್ನ ಕಡೆ ನೋಡಲಿಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲ. ಎದ್ದು ನಿಂತೆ. ಹೆಸರು, ಕಸುಬು ಹೇಳಿದೆ. ಮೊದಲನೇ ಭೋಂಗಾಕ್ಕೆ ಕಡ್ಡಿ ಹೊರಗೆ, ಎರಡನೆಯದಕ್ಕೆ ರೇಡಿಯೋ ಕೆಳಗೆ, ಮೂರನೆಯದಕ್ಕೆ ಚಾ, ಅಂದೆ. ಚಾ ಅಂದಾಗ ಯಾರೋ ನಕ್ಕರು. ಡಬ್ಬಿ ತೆಗೆದು ಎರಡು ಚೂರು ಮೇಜಿನ ಮೇಲೆ ಇಟ್ಟೆ.

“ಇದನ್ನು ನೋಡಿ ನಾನೇನು ಬರೆದುಕೊಳ್ಳಲಿ?” ಅಂದರು ಅಧಿಕಾರಿ.

“ಕಡ್ಡಿ ಒಳಗಿತ್ತು ಅಂತ ಬರ್ಕೊಳ್ರಿ. ಭೋಂಗಾ ಊದಿದ್ರ ಕಡ್ಡಿ ಒಳಗ ಇರ್ತಿದ್ದಿಲ್ಲ.”

ವಕೀಲ ಎದ್ದ. ರೇಡಿಯೋ ಜೋರಾಗಿ ಹಚ್ಚಿದ್ದಿ, ನಿನಗೆ ಭೋಂಗಾ ಕೇಳಿಸಿಲ್ಲ, ಅಂದ. ಅದಕ್ಕೆ ನಾನು ಹೆದರಲಿಲ್ಲ, ಯಾಕಂದರೆ ಅದು ನನ್ನ ಕಸುಬಿನ ಮಾತು. ಭೋಂಗಾದ ಮೋಟಾರು ಚಾಲೂ ಆದರೆ ಅದರ ಕಿಡಿಗೆ ರೇಡಿಯೋ ಕರಕರ ಅನ್ನುತ್ತದೆ, ಊದುವ ಮೊದಲೇ ರೇಡಿಯೋಕ್ಕೆ ತಿಳಿಯುತ್ತದೆ, ಅಂದೆ. ಬೇಕಾದರೆ ಮೋಟಾರು ಹಚ್ಚಿಸಿರಿ, ಇಲ್ಲೇ ಕುಂತು ಕೇಳೋಣ, ಅಂದೆ. ವಕೀಲ ದಿಲೀಪನನ್ನು ನೋಡಿದ. ಕಲೀಮ್ ನೆಲ ನೋಡಿದ.

ದಿಲೀಪ ಫೋನ್ ತೆಗೆದ.

“ಮಾಮಾ, ಸಿಟ್ಟಾಗಬ್ಯಾಡ. ಇದು ನಿನ್ನ ಅಕ್ಷರ ಹೌದಿಲ್ಲೋ? ಕೋರು ತರುವಾಗಲೇ ಸೀಳಿತ್ತು.” ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಓದಿದ.

ಜಟ್ಟೆಪ್ಪ ನನ್ನನ್ನು ನೋಡಿದ ನೋಟ ಬರೆಯಲಾರೆ.

“ಅಕ್ಷರ ನಂದ,” ಅಂದೆ. “ಸುಳ್ಳೂ ನಂದ. ಒಡೆದದ್ದು ನನ್ನ ಕೈಯಾಗ. ಗಿರಾಕಿ ಮುಂದ ಮಾನ ಹೋಗ್ತದಂತ ಹಂಗ ಬರ್ದೆ.”

ಇಡೀ ಊರಿನ ಮುಂದೆ. ಮೂವತ್ತೆರಡು ವರ್ಷದ ಅಂಗಡಿ. ಹಿಂದಿನ ಸಾಲಿನಿಂದ ಜಾನಕೀಬಾಯಿ ಅಕ್ಕೋರು ಎದ್ದು ಬಂದು ರಸೀತಿ ಬೋರಲು ಮಾಡಿ ಅಧಿಕಾರಿಯ ಮುಂದಿಟ್ಟರು. “ಗಿರಾಕಿ ನಾನು. ನನ್ನ ರೇಡಿಯೋ ಇವನ ಹತ್ರ ತಂದ ದಿನಾ ಮುಂಜಾನೆ ತನಕಾ ಹಾಡ್ಯದ. ಇವ ಸುಳ್ಳು ಬರೆದಾನ, ಒಪ್ಪಿಕೊಂಡಾನ. ಇನ್ನ ರಜಿಸ್ಟರ್ ತೋರಿಸ್ರಿ. ಅದರ ಹಿಂದ ಏನು ಬರದದ ನೋಡೋಣ.”

ರಜಿಸ್ಟರು ಇವತ್ತು ತಂದಿಲ್ಲ ಅಂದ ವಕೀಲ. ಮುಂದಿನ ವಿಚಾರಣೆಗೆ ರಜಿಸ್ಟರೂ ತರಬೇಕು, ದಸ್ಕತ್ತು ಹಾಕಿದವನೂ ಬಂದು ಮತ್ತೆ ಹೇಳಬೇಕು, ಅಂದರು ಅಧಿಕಾರಿ. ಚೂರು ಎರಡನ್ನೂ ಲಕೋಟೆಗೆ ಹಾಕಿ ಮೇಲೆ ನನ್ನ ಹೆಸರು ಬರೆಸಿದರು. ಸುಣ್ಣದ ಡಬ್ಬಿ ವಾಪಸು ಕೊಟ್ಟರು.

ಹೊರಗೆ ಬಂದರೆ ಎಲ್ಲರೂ ದೂರ ಸರಿದು ನಡೆದರು. ಜಟ್ಟೆಪ್ಪ ಮಾತ್ರ ಹತ್ತಿರ ಬಂದು ನಿಂತ. ಬೀಡಿ ಕೊಟ್ಟ. ನಾನು ಬೀಡಿ ಸೇದುವುದಿಲ್ಲ. ಸೇದಿದೆ.

4 ಮಾರ್ಚ್, ಮಂಗಳವಾರ

ಮುಂಜಾನೆ ಹೋದರೆ ಅಂಗಡಿಯ ಬೋರ್ಡು ಕೆಳಗೆ ಬಿದ್ದಿತ್ತು. ಗಾಳಿ ಇರಲಿಲ್ಲ.

ಪ್ರೀತಿಗೆ ಗುತ್ತೇದಾರನಿಂದ ಫೋನು: ಇನ್ನು ಬರುವುದೇ ಬೇಡ.

ಜಾಗ ಖಾಲಿ ಮಾಡಬೇಕೆಂಬ ಕಾಗದ ಇನ್ನೂ ಬಂದಿಲ್ಲ. ಪೋಸ್ಟ್‌ಮನ್ ಕಂಡರೆ ಬೆವರುತ್ತೇನೆ.

7 ಮಾರ್ಚ್, ಶುಕ್ರವಾರ

ಬಿಸಿಲು ನೇರ ಬೆಂಚಿನ ಮೇಲೆ ಬೀಳುತ್ತದೆ. ಮೇಣ ತಾನೇ ಕರಗುತ್ತದೆ. ಶಟರ್ ಪೂರ್ತಿ ಎತ್ತಿದರೆ ಇದೊಂದು ಕಾಟ, ಏನಾದರೂ ಪರದೆ ಕಟ್ಟಬೇಕು. ಬೋರ್ಡು ಪ್ರೀತಿ ಹಿಡಿದಳು, ನಾನು ಮೊಳೆ ಹೊಡೆದೆ. ಸ್ವಲ್ಪ ಸೊಟ್ಟಗಿದೆ. ಸುಣ್ಣದ ಡಬ್ಬಿಗೆ ಸಣ್ಣ ಸ್ಕ್ರೂ ಹಾಕಿಟ್ಟೆ.

ಮೋಟಾರ್ ಸೈಕಲ್ ಎರಡು ಸಲ ಹಾದುಹೋಯಿತು. ಎರಡು ಸಲವೂ ಕೈ ಶಟರಿನ ಹಿಡಿಕೆಗೆ ಹೋಯಿತು. ಇದು ಹೋಗುವ ರೋಗವಲ್ಲ ಕಾಣುತ್ತದೆ.

ಮಧ್ಯಾಹ್ನ ಒಂದೂವರೆಗೆ ಭೋಂಗಾ ಊದಿತು. ಹೊಸ ಮೋಟಾರು. ಮೂರು ಸಲ, ಉದ್ದಕ್ಕೆ. ಕಡ್ಡಿ ಹೊರಗೆ ತೆಗೆದೆ, ರೇಡಿಯೋ ಇಳಿಸಿದೆ, ಚಾ ಕುಡಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿದರು, ಯಾರೋ ಸತ್ತು ತಿರುಗಿ ಬಂದ ಹಾಗೆ.

ಅದಾದ ಅರ್ಧ ತಾಸಿಗೆ ಜುಮ್ಮಾ ನಮಾಜಿನ ಟೊಪ್ಪಿಗೆಯಲ್ಲೇ ಕಲೀಮ್ ಬಂದ. ಮುಂದಿನಿಂದ ಬಂದ. ನನಗೆ ಮುಖ ಎತ್ತಲು ಆಗಲಿಲ್ಲ.

“ಕುಂದ್ರು. ಚಾ ತರಸ್ತೀನಿ,” ಅಂದೆ.

“ರೋಜಾ ಅದಪಾ, ಮರ್ತೀಯೇನು?”

ಮರೆತಿದ್ದೆ. ಅವನು ಸ್ಟೂಲಿನ ಮೇಲೆ ಕುಂತ. ಬೆಂಚಿನ ಮೇಲಿದ್ದ ಕಡ್ಡಿ ಎತ್ತಿ ನೋಡಿದ. ಬ್ರಶ್ಶಿನ ಮೇಲಿನ ಅಕ್ಷರ ಅರ್ಧ ಉಳಿದಿದೆ, ಅದನ್ನು ಓದಿದ.

“ಊದೋ ಕೆಲಸ ಬ್ಯಾರೆದಾಂವಗ ಕೊಟ್ಟಾರ,” ಅಂದ. “ನಂಗ ಗೇಟ್ ಮುಂದ ಕುಂದ್ರಸ್ಯಾರ. ಒಂದು ಕಾಗದ ಬರದು ತಂದಾರ. ಭೋಂಗಾ ಊದಲಾರದ್ದು ನನ್ನ ಗಲತಿ, ನಾ ಮರ್ತೆ, ಕಂಪನೀದು ಏನೂ ತಪ್ಪಿಲ್ಲ. ಅದಕ್ಕೂ ದಸ್ಕತ್ ಹಾಕು ಅಂತಾರ.”

“ಹಾಕ್ದಿ?”

ಕಡ್ಡಿ ಕೆಳಗಿಟ್ಟ. ಬೆಂಚಿನ ಅಂಚಿಗೆ ಸಮ ಮಾಡಿ ಇಟ್ಟ.

“ನಾಜಿಯಾ ಕಾಗದ ಓದಿದ್ಲು,” ಅಂದ. “ನಮ್ಮ ಮನ್ಯಾಗ ಓದೋಕಿ ಆಕಿ ಒಬ್ಬಾಕಿನ. ಓದಿ ಮಡಚಿ ನನ್ನ ಕೈಯಾಗ ಕೊಟ್ಟು ಕುರಾನ್ ಓದಾಕ ಹ್ವಾದ್ಲು. ಇನ್ನಾ ಕಿಸೇದಾಗ ಅದ, ದಸ್ಕತ್ ಹಾಕಿಲ್ಲ.”

ಹೊರಗೆ ಬಸ್ಸು ನಿಂತು ಹೋಯಿತು. ಕಲೀಮ್ ಎದ್ದ. ಬಾಗಿಲ ತನಕ ಹೋದವನು ತಿರುಗದೆ ಕೇಳಿದ:

“ವಿಚಾರಣಿ ಮತ್ತ ಯಾವಾಗಂತ?”

“ಸೋಮವಾರ, ಹತ್ತನೇ ತಾರೀಖು,” ಅಂದೆ. “ಮುಂಜಾನೆ ಹನ್ನೊಂದು ಗಂಟೆಗೆ.”